‘ಬಿಡ್ತು ಅನ್ನು’ ಎನ್ನುವ ಮುನ್ನ

ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಎಂದಿನಂತೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಈ ಸಲ ಸಿಹಿಮೂತ್ರ ರೋಗ, ರಕ್ತದೊತ್ತಡಗಳನ್ನು ಬದಿಗಿರಿಸಿ, ಹದಿಹರೆಯದ ಮಕ್ಕಳ ಆತ್ಮಹತ್ಯೆಯನ್ನು ಕುರಿತು ಬರೆಯುವೆನೆಂದು ಹೇಳಿದೆ. ಮಂಡಲಿಯ ಹಿರಿಯರೊಬ್ಬರು ಒಡನೆಯೇ, “ಬಿಡ್ತು ಅನ್ನಿ ಡಾಕ್ಟರೇ! ಹಬ್ಬದ ಸಂಚಿಕೆಯಲ್ಲಿ ಇಂಥ ಮಾತೇಕೆ?” ಎಂದರು. ಅವರ ವಿಷಯದಲ್ಲಿ ನನಗೆ ಲೇಶವೂ ಅಸಮಾಧಾನವಿಲ್ಲ. ನಾನೂ ಆ ಮಾತನ್ನು ಕೇಳಿಕೊಂಡೇ ಬೆಳೆದವನು. ಮುಸ್ಸಂಜೆಯ ಹೊತ್ತಿನಲ್ಲಿ ಮಕ್ಕಳ ಬಾಯಿಂದ ಸಾವಿನ ಮಾತು ಬಂದರೆ ಅಸ್ತು ದೇವತೆಗಳು ಎಲ್ಲಿ ‘ಅಸ್ತು’ ಎಂದುಬಿಡುವರೋ ಎಂಬ ಅಂಜಿಕೆಯಿಂದ ನಮ್ಮ ಅಜ್ಜಿಯಂದಿರು “ಬಿಡ್ತು ಅನ್ನು” ಎಂದು ಗದರಿಸುತ್ತಿದ್ದರು. ನಾವು “ಬಿಡ್ತು” ಎನ್ನುತ್ತಿದ್ದೆವು. ಅಲ್ಲಿಗೆ ಕೆಟ್ಟದ್ದು ತೊಲಗಿತೆಂದು ಎಲ್ಲರಿಗೂ ಸಮಾಧಾನವಾಗುತ್ತಿತ್ತು. ಅದರ ಹಿಂದೆ ಇದ್ದುದು ಪ್ರೀತಿಯೇ ಹೊರತು ಬೇರೇನೂ ಅಲ್ಲ. ಆದರೆ ಆ ಪ್ರೀತಿಯ ಮಾತೇ ಕೆಲವೊಮ್ಮೆ ಬಾಗಿಲನ್ನು ಹೇಗೆ ಮುಚ್ಚಿಬಿಡುತ್ತದೆ ಎಂಬುದನ್ನು ನಾನು ನನ್ನ ದವಾಖಾನೆಯಲ್ಲಿಯೇ ಕಂಡಿರುವುದರಿಂದ, ಹಿರಿಯರ ಕ್ಷಮೆ ಕೋರಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. (ಗುರುತು ಸಿಗದಂತೆ ವಿವರಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ.) ಮುಂಬಯಿಯ ಉಪನಗರದಲ್ಲಿರುವ ನನ್ನ ದವಾಖಾನೆಗೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳನ್ನು ಆಕೆಯ ತಾಯಿ ಕರೆತಂದರು. ಹೊಟ್ಟೆನೋವು. ಪರೀಕ್ಷಿಸಿದೆ, ಔಷಧಿ ಬರೆದೆ. ಮೂರು ವಾರಗಳ ಮೇಲೆ ಮತ್ತೆ ಬಂದರು, ರಕ್ತಪರೀಕ್ಷೆ ಮಾಡಿಸಿದೆ. ಮೂರನೆಯ ಸಲ ಬಂದಾಗ ಸೋನೋಗ್ರಫಿ ಮಾಡಿಸಿದೆ. ಎಲ್ಲವೂ ಸರಿಯಾಗಿಯೇ ಇತ್ತು. “ಹೊರಗಿನ ತಿಂಡಿ ಬಿಡು, ಬೆಳಿಗ್ಗೆ ಬೇಗ ಏಳು” ಎಂದು ಬುದ್ಧಿಮಾತು ಹೇಳಿ ಕಳುಹಿಸಿದೆ. ಹದಿಹರೆಯದವರ ಮನಸ್ಸಿನ ನೋವು ಎಷ್ಟೋ ವೇಳೆ ಹೊಟ್ಟೆಯ ನೋವಾಗಿ, ತಲೆಶೂಲೆಯಾಗಿ ವೈದ್ಯರ ಬಳಿಗೆ ಬರುತ್ತದೆಂಬುದು ನಾನು ಓದಿ ತಿಳಿಯದ ಸಂಗತಿಯೇನೂ ಆಗಿರಲಿಲ್ಲ. ಹೊರಗೆ ಇಪ್ಪತ್ತು ಜನ ರೋಗಿಗಳು ಕಾದಿದ್ದರೆಂಬುದು ಕಾರಣವಾದೀತೇ ಹೊರತು ಸಮರ್ಥನೆಯಾಗಲಾರದು.

ನಾಲ್ಕನೆಯ ಸಲ ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕುಳಿತಿರುವಂತೆ ಕೇಳಿಕೊಂಡು, ಹುಡುಗಿಯೊಡನೆ ನಿದ್ರೆ, ಶಾಲೆ, ಗೆಳತಿಯರು ಎಂದು ಮಾತು ತೆಗೆದೆ. ಕೊನೆಗೆ ನೇರವಾಗಿಯೇ ಕೇಳಿದೆ: “ಬದುಕಿರುವುದೇ ಬೇಡ ಎಂದು ಎಂದಾದರೂ ಅನ್ನಿಸಿದ್ದುಂಟೇನಮ್ಮ?” ಆಕೆ ಅಳಲಿಲ್ಲ. ಬಹಳ ಹೊತ್ತಿನಿಂದ ಹೊತ್ತುಕೊಂಡಿದ್ದ ಚೀಲವನ್ನು ಕೆಳಗಿಟ್ಟವಳಂತೆ ಉಸಿರುಬಿಟ್ಟು, “ಹೌದು ಅಂಕಲ್” ಎಂದಳು. ಅಲ್ಲಿಂದ ಮುಂದೆ ಆಕೆ ಮಾತನಾಡಿದ್ದು ಹಿಂದಿಯಲ್ಲಿ. ಅಂಕಗಳ ತೊಂದರೆಯೇನೂ ಇರಲಿಲ್ಲ. ತರಗತಿಯ ಮೊದಲ ಹತ್ತು ಮಂದಿಯಲ್ಲಿ ಒಬ್ಬಳು. ಗೆಳತಿಯರ ಮೊಬೈಲ್ ಗುಂಪಿನಲ್ಲಿ ತಿಂಗಳುಗಟ್ಟಲೆ ನಡೆದಿದ್ದ ಗೇಲಿ ಆಕೆಯನ್ನು ಒಳಗಿಂದೊಳಗೆ ಕೊರೆದುಹಾಕಿತ್ತು. ತಾಯಿಗೆ ಹೇಳಲಿಲ್ಲವೇ ಎಂದೆ. ಹೇಳಿದ್ದಳಂತೆ, ತನಗೆ ತಿಳಿದ ರೀತಿಯಲ್ಲಿ. ಒಂದು ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಅಮ್ಮಾ, ನಾನಿಲ್ಲದಿದ್ದರೆ ನಿಮಗೆಲ್ಲ ಆರಾಮ ಅಲ್ವಾ?” ಎಂದಿದ್ದಳು. ತಾಯಿ ಬೆಚ್ಚಿ, “ಬಿಡ್ತು ಅನ್ನು! ದೀಪ ಹಚ್ಚುವ ಹೊತ್ತಿನಲ್ಲಿ ಇಂಥ ಮಾತಾಡ್ತಾರಾ?” ಎಂದರು. ಹುಡುಗಿ “ಬಿಡ್ತು” ಎಂದು ಹೇಳಿ, ಒಳಗೆ ಹೋಗಿ ಹೋಂವರ್ಕ್ ಮಾಡಿದಳು. ಆ ಮಾತನ್ನು ಮತ್ತೆ ಎತ್ತಲಿಲ್ಲ. ಅದಾದ ಮೇಲೆ ಪ್ರಾರಂಭವಾದದ್ದು ಹೊಟ್ಟೆನೋವು.

ಇಂಥ ಮಕ್ಕಳು ವಿರಳರೆಂದು ನೆಮ್ಮದಿ ತಾಳುವಂತಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಂತೆ 2023ರಲ್ಲಿ ನಮ್ಮ ದೇಶದಲ್ಲಿ 13,892 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಮೃತಪಟ್ಟರು. ರಾಜ್ಯವಾರು ಪಟ್ಟಿಯಲ್ಲಿ ನಾವು ನೆಲೆಸಿರುವ ಮಹಾರಾಷ್ಟ್ರದ್ದೇ ಮೊದಲ ಸ್ಥಾನ. ಪತ್ರಿಕೆಗಳಲ್ಲಿ ‘ಅಂಕ ಕಡಿಮೆ ಬಂದುದಕ್ಕೆ’ ಎಂಬ ಒಂದೇ ಸಾಲಿನ ಕಾರಣವನ್ನು ಓದಿ ಓದಿ, ಪರೀಕ್ಷೆಯೇ ಇದಕ್ಕೆಲ್ಲ ಮೂಲವೆಂದು ನಾವು ನಂಬಿಬಿಟ್ಟಿದ್ದೇವೆ. ಬ್ಯೂರೋದ ಪಟ್ಟಿಯಲ್ಲಿ ಹದಿನೆಂಟು ವರ್ಷದೊಳಗಿನವರ ಕಾರಣಗಳನ್ನು ನೋಡಿದರೆ ‘ಕುಟುಂಬದ ಸಮಸ್ಯೆ’ ಎಂಬುದು ಪರೀಕ್ಷೆಗಿಂತ ಬಹಳ ಮೇಲಿದೆ. ವಾಸ್ತವವಾಗಿ ಒಂದೇ ಕಾರಣವೆಂಬುದು ಎಂದೂ ಇರುವುದಿಲ್ಲ. ಖಿನ್ನತೆ, ಮನೆಯೊಳಗಿನ ಜಗಳ, ಅವಮಾನ, ಪ್ರೇಮಭಂಗ, ಯಾರೋ ದೊಡ್ಡವರಿಂದಾದ ಕಿರುಕುಳ, ಹಿಂದೊಮ್ಮೆ ತನ್ನನ್ನು ತಾನೇ ನೋಯಿಸಿಕೊಂಡಿದ್ದು, ಇವು ಒಂದರ ಮೇಲೊಂದು ಕೂಡುತ್ತ ಬಂದಿರುತ್ತವೆ. ಫಲಿತಾಂಶದ ದಿನ ಅವುಗಳ ಮೇಲೆ ಬಿದ್ದ ಕೊನೆಯ ಹೊರೆಯಾಗಿರಬಹುದು, ಅಷ್ಟೆ.

ಈ ವಿಷಯವನ್ನು ಎತ್ತಿದಾಗಲೆಲ್ಲ ತಾಯ್ತಂದೆಗಳು ಕೇಳುವ ಪ್ರಶ್ನೆ ಒಂದೇ: “ಕೇಳಿದರೆ, ಇಲ್ಲದ ಯೋಚನೆಯನ್ನು ನಾವೇ ಮಗುವಿನ ತಲೆಯಲ್ಲಿ ತುಂಬಿದಂತಾಗುವುದಿಲ್ಲವೇ?” ಇದು ಅಸ್ತು ದೇವತೆಗಳ ಭಯದ್ದೇ ಇನ್ನೊಂದು ರೂಪ. ಈ ಭಯವನ್ನು ಪರೀಕ್ಷೆಗೆ ಒಡ್ಡಿ ನೋಡಿದ್ದಾರೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ 2,342 ವಿದ್ಯಾರ್ಥಿಗಳನ್ನು ಎರಡು ಪಂಗಡಗಳಾಗಿ ಮಾಡಿ, ಒಂದು ಪಂಗಡಕ್ಕೆ ಆತ್ಮಹತ್ಯೆಯ ಯೋಚನೆಗಳನ್ನು ಕುರಿತ ಪ್ರಶ್ನೆಗಳನ್ನು ಕೇಳಿ, ಇನ್ನೊಂದಕ್ಕೆ ಕೇಳದೆ ಬಿಟ್ಟರು. ಎರಡು ದಿನಗಳ ನಂತರ ಎರಡೂ ಪಂಗಡಗಳನ್ನು ಮತ್ತೆ ವಿಚಾರಿಸಿದಾಗ, ಕೇಳಿಸಿಕೊಂಡವರಲ್ಲಿ ಅಂಥ ಯೋಚನೆಯಾಗಲಿ ಸಂಕಟವಾಗಲಿ ಹೆಚ್ಚಿರಲಿಲ್ಲ. ಮೊದಲೇ ಖಿನ್ನರಾಗಿದ್ದ ಮಕ್ಕಳಂತೂ, ಕೇಳಿಸಿಕೊಂಡ ಮೇಲೆ ತುಸು ಹಗುರವಾಗಿದ್ದರು. ಇದು 2005ರಲ್ಲಿ ಪ್ರಕಟವಾದ ಅಧ್ಯಯನ. ಇಷ್ಟು ವರ್ಷಗಳಾದರೂ ಈ ಸಂಗತಿ ನಮ್ಮ ಮನೆಗಳನ್ನು ತಲುಪಿಲ್ಲ.

ಹಾಗಾದರೆ ಎಲ್ಲ ಮಕ್ಕಳನ್ನೂ ಶಾಲೆಯಲ್ಲಿ ಕೂಡಿಸಿ, ಪ್ರಶ್ನಪತ್ರಿಕೆ ಕೊಟ್ಟು, ಅಪಾಯದಲ್ಲಿರುವವರನ್ನು ಆರಿಸಿಬಿಡಬಹುದಲ್ಲವೇ ಎಂದು ಕೇಳಬಹುದು. ವೈದ್ಯರು ‘ಸ್ಕ್ರೀನಿಂಗ್’ ಎನ್ನುವುದು ಇದನ್ನೇ. ಕನ್ನಡದಲ್ಲಿ ಜರಡಿ ಹಿಡಿಯುವುದೆಂದರೆ ಅರ್ಥ ಸ್ಪಷ್ಟವಾದೀತು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯವರು ಸಿದ್ಧಪಡಿಸಿದ ಇಂಥದೊಂದು ಜರಡಿಯಲ್ಲಿ ನಾಲ್ಕೇ ಪ್ರಶ್ನೆಗಳಿವೆ: ಇತ್ತೀಚಿನ ವಾರಗಳಲ್ಲಿ ಸತ್ತುಹೋಗಬೇಕೆಂದು ಅನ್ನಿಸಿದೆಯೇ, ನೀನಿಲ್ಲದಿದ್ದರೆ ಮನೆಯವರಿಗೆ ಒಳ್ಳೆಯದೆಂದು ತೋರಿದೆಯೇ, ಜೀವ ತೆಗೆದುಕೊಳ್ಳುವ ಯೋಚನೆ ಬಂದಿದೆಯೇ, ಹಿಂದೆ ಎಂದಾದರೂ ಪ್ರಯತ್ನಿಸಿದ್ದೆಯಾ ಎಂದು. ಒಂದಕ್ಕೆ ಹೌದೆಂದರೂ, ಈಗ ಈ ಕ್ಷಣದಲ್ಲಿ ಆ ಯೋಚನೆ ಇದೆಯೇ ಎಂದು ಐದನೆಯದನ್ನು ಕೇಳತಕ್ಕದ್ದು. ಎರಡನೆಯ ಪ್ರಶ್ನೆಯನ್ನು ವಾಚಕರು ಗಮನಿಸಬೇಕು. ಆ ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ್ದು ಅದರ ಉತ್ತರವನ್ನೇ, ಯಾರೂ ಕೇಳುವ ಮೊದಲೇ.

ಈ ಪ್ರಶ್ನೆಗಳನ್ನು ಮೂರು ಮಕ್ಕಳ ಆಸ್ಪತ್ರೆಗಳ ತುರ್ತು ವಿಭಾಗಗಳಿಗೆ ಬಂದ 10ರಿಂದ 21 ವರ್ಷದ 524 ಮಂದಿಯಲ್ಲಿ ಪರೀಕ್ಷಿಸಿದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ದೀರ್ಘವಾದ ಪ್ರಶ್ನಾವಳಿಯೊಂದು ಅಪಾಯದಲ್ಲಿರುವರೆಂದು ತೋರಿಸಿದ ನೂರು ಮಕ್ಕಳಲ್ಲಿ ಸುಮಾರು 97 ಮಂದಿಯನ್ನು ಈ ನಾಲ್ಕು ಪ್ರಶ್ನೆಗಳೂ ಹಿಡಿದವು. ಅಪಾಯವಿಲ್ಲದ ನೂರು ಮಂದಿಯಲ್ಲಿ ಸುಮಾರು 88 ಮಂದಿಯನ್ನು ಸರಿಯಾಗಿ ಬಿಟ್ಟವು. ಬಹಳ ಒಳ್ಳೆಯ ಜರಡಿಯೆಂದೇ ಹೇಳಬೇಕು. ಆದರೂ ಲೆಕ್ಕ ಹಾಕಿ ನೋಡೋಣ. ಸಾವಿರ ಮಕ್ಕಳ ಒಂದು ಶಾಲೆಯಲ್ಲಿ 20 ಮಂದಿ ನಿಜವಾಗಿ ಅಪಾಯದಲ್ಲಿದ್ದಾರೆಂದು ಭಾವಿಸಿದರೆ ಅವರಲ್ಲಿ 19 ಮಂದಿ ಸಿಕ್ಕುತ್ತಾರೆ; ಅವರೊಂದಿಗೆ ಅಪಾಯವಿಲ್ಲದ ಸುಮಾರು 120 ಮಂದಿಯೂ ಜರಡಿಯಲ್ಲಿ ಉಳಿಯುತ್ತಾರೆ. ಈ 140 ಮಕ್ಕಳೊಡನೆ ಒಬ್ಬೊಬ್ಬರಾಗಿ ಕುಳಿತು, ಗುಟ್ಟು ಕಾಯ್ದು, ಅರ್ಧ ಗಂಟೆ ಮಾತನಾಡುವವರು ಯಾರು? ಅಂಥವರಿಲ್ಲದ ಶಾಲೆಯಲ್ಲಿ ಪ್ರಶ್ನಪತ್ರಿಕೆ ಹಂಚುವುದೆಂದರೆ, ಜರಡಿ ಹಿಡಿದು ಕಾಳನ್ನೂ ಕಲ್ಲನ್ನೂ ಒಟ್ಟಿಗೆ ಅಂಗಳದಲ್ಲಿ ಸುರಿದುಬಿಟ್ಟಂತೆ. ಆ ಮಕ್ಕಳ ಹೆಸರು ಮಾತ್ರ ಸಂಜೆಯೊಳಗೆ ಶಾಲೆಯಲ್ಲೆಲ್ಲ ಹರಡಿರುತ್ತದೆ.

ಬಲ್ಲವರಲ್ಲಿಯೂ ಈ ವಿಷಯದಲ್ಲಿ ಒಮ್ಮತವಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 12 ವರ್ಷ ಮೇಲ್ಪಟ್ಟ ಎಲ್ಲರನ್ನೂ ಕೇಳಬೇಕೆನ್ನುತ್ತದೆ. ಅಲ್ಲಿಯದೇ ಸರ್ಕಾರಿ ತಜ್ಞರ ಕಾರ್ಯಪಡೆಯು 2022ರಲ್ಲಿ, ಖಿನ್ನತೆಗಾಗಿ ಹದಿಹರೆಯದವರನ್ನು ವಿಚಾರಿಸುವುದು ಸೂಕ್ತವೆಂದೂ, ಆತ್ಮಹತ್ಯೆಯ ಅಪಾಯಕ್ಕಾಗಿ ಎಲ್ಲರನ್ನೂ ವಿಚಾರಿಸಬೇಕೆನ್ನಲು ಪುರಾವೆ ಸಾಲದೆಂದೂ ಹೇಳಿತು. ಯುರೋಪಿನ ಹತ್ತು ದೇಶಗಳ 168 ಶಾಲೆಗಳಲ್ಲಿ 11,110 ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗವೊಂದರ ಫಲಿತಾಂಶ 2015ರಲ್ಲಿ ಹೊರಬಿತ್ತು. ಕೆಲವು ಶಾಲೆಗಳಲ್ಲಿ ಪ್ರಶ್ನಾವಳಿಯಿಂದ ಆರಿಸಿ ತಜ್ಞರ ಬಳಿಗೆ ಕಳುಹಿಸಿದರು. ಕೆಲವೆಡೆ ಅಧ್ಯಾಪಕರಿಗೆ ತರಬೇತಿ ಕೊಟ್ಟರು. ಇನ್ನು ಕೆಲವೆಡೆ ಮಕ್ಕಳನ್ನೇ ಸೇರಿಸಿ, ನಾಲ್ಕು ವಾರಗಳಲ್ಲಿ ಒಟ್ಟು ಐದು ಗಂಟೆ ಕಾಲ ದುಃಖ, ಒತ್ತಡ, ಸ್ನೇಹಿತನ ಸಂಕಟ ಇವುಗಳನ್ನು ಸಣ್ಣ ನಾಟಕಗಳಂತೆ ಆಡಿಸಿ ಮಾತನಾಡಿಸಿದರು. ಒಂದು ವರ್ಷದ ನಂತರ ನೋಡಿದರೆ, ಮೊದಲೆರಡು ಕ್ರಮಗಳಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೂರನೆಯದರಲ್ಲಿ ಆತ್ಮಹತ್ಯೆಯ ಪ್ರಯತ್ನಗಳು ಸಾವಿರಕ್ಕೆ ಸುಮಾರು 15ರಿಂದ 7ಕ್ಕೆ ಇಳಿದಿದ್ದವು. ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ, ಬಿಹಾರದ ನಳಂದಾ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ನಡೆದ, 2018ರಲ್ಲಿ ಪ್ರಕಟವಾದ ಪ್ರಯೋಗವಿದೆ. ಅಲ್ಲಿ ಮಕ್ಕಳ ಮಾತು ಕೇಳಲೆಂದೇ ನೇಮಿಸಿ ತರಬೇತಿ ಕೊಟ್ಟ ಸಾಮಾನ್ಯ ಜನರಿಂದ ಶಾಲೆಯ ವಾತಾವರಣವೂ ಮಕ್ಕಳ ಖಿನ್ನತೆಯೂ ಸುಧಾರಿಸಿದವು. ಅದೇ ಕೆಲಸವನ್ನು ಅಧ್ಯಾಪಕರ ಹೆಗಲಿಗೆ ಹೆಚ್ಚುವರಿಯಾಗಿ ಹೇರಿದಲ್ಲಿ ಸುಧಾರಿಸಲಿಲ್ಲ.

ಆದುದರಿಂದ ನನ್ನ ಅಭಿಮತವಿಷ್ಟು: ಜರಡಿ ಬೇಕು, ಆದರೆ ಅದು ಕಾಗದದ ಮೇಲಿನದಾಗಿರಬಾರದು, ಕೇಳಿದವನು ಉತ್ತರ ಬರುವ ತನಕ ಎದುರಿಗೆ ಕುಳಿತಿರಬೇಕು. ವೈದ್ಯನು ತನ್ನ ಕೊಠಡಿಯಲ್ಲಿ ಪ್ರತಿಯೊಬ್ಬ ಹದಿಹರೆಯದ ರೋಗಿಯನ್ನೂ ಒಮ್ಮೆಯಾದರೂ ಒಂಟಿಯಾಗಿ ಮಾತನಾಡಿಸತಕ್ಕದ್ದು. ಮೂರು ಭೇಟಿಗಳನ್ನು ವ್ಯರ್ಥಮಾಡಿದ ನಾನು ಇದನ್ನು ಇತರರಿಗಿಂತ ಮೊದಲು ನನಗೇ ಹೇಳಿಕೊಳ್ಳಬೇಕಾಗಿದೆ. ಮತ್ತು ಮನೆಯಲ್ಲಿ ಕೇಳುವವರು ತಾಯ್ತಂದೆಗಳೇ ಆಗಬೇಕು.

ಇಲ್ಲಿ ಹೊರನಾಡಿನಲ್ಲಿರುವ ನಮಗೆ ಒಂದು ವಿಶೇಷವಾದ ತೊಡಕಿದೆ. ಉಡುಪಿ, ಕುಂದಾಪುರದ ಕಡೆಯವರಾಗಲಿ, ಧಾರವಾಡ, ವಿಜಯಪುರದ ಕಡೆಯವರಾಗಲಿ, ನಾವು ಮನೆಯಲ್ಲಿ ನಮ್ಮ ಮಾತನ್ನು ಉಳಿಸಿಕೊಂಡಿದ್ದೇವೆಂದು ಹೆಮ್ಮೆಪಡುತ್ತೇವೆ. ಮಕ್ಕಳೂ ಊಟಕ್ಕೆ, ತಿಂಡಿಗೆ, ಊರಿನ ಜಾತ್ರೆಗೆ ಬೇಕಾದಷ್ಟು ಕನ್ನಡವನ್ನು ಚೆನ್ನಾಗಿಯೇ ಆಡುತ್ತಾರೆ. ಆದರೆ ಅವರು ಗೆಳೆಯರೊಡನೆ ಮುನಿಸಿಕೊಳ್ಳುವುದು, ಪ್ರೀತಿಸುವುದು, ನಾಚುವುದು ಹಿಂದಿಯಲ್ಲಿ, ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ. ಸಂಕಟದ ಕನ್ನಡವನ್ನು ನಾವು ಅವರಿಗೆ ಕಲಿಸಿಯೇ ಇಲ್ಲ. “ಐ ಆಮ್ ಡನ್” ಎಂದು ಮಗ ಹೇಳಿದರೆ ಹೋಂವರ್ಕ್ ಮುಗಿಯಿತೆಂದು ತಂದೆ ತಿಳಿದುಕೊಂಡ ಪ್ರಸಂಗವನ್ನು ನಾನು ಬಲ್ಲೆ. ಮಗ ಹೇಳಿದ್ದು ತನಗೆ ಇನ್ನು ಸಾಕಾಗಿದೆಯೆಂದು. ಕನ್ನಡಾಭಿಮಾನಿಗಳು ಮುನಿಯಬಾರದು: ಇಂಥ ಸಂದರ್ಭದಲ್ಲಿ “ಕನ್ನಡದಲ್ಲಿ ಹೇಳು” ಎನ್ನಬೇಡಿ. ಯಾವ ಭಾಷೆಯಲ್ಲಿ ಬಂದರೂ ಬರಲಿ. ಊರಿನಲ್ಲಾಗಿದ್ದರೆ ಮಗು ತಾಯಿಗೆ ಹೇಳಲಾರದ್ದನ್ನು ಅಜ್ಜಿಯ ಮಡಿಲಲ್ಲೋ ಸೋದರಮಾವನ ಜಗಲಿಯಲ್ಲೋ ಹೇಳಿಕೊಳ್ಳುತ್ತಿತ್ತು. ಎರಡು ಕೋಣೆಗಳ ಫ್ಲ್ಯಾಟಿನಲ್ಲಿ, ತಂದೆ ರಾತ್ರಿ ಹತ್ತಕ್ಕೆ ಲೋಕಲ್ ಟ್ರೈನಿನಿಂದಿಳಿದು ಬರುವ ಮನೆಯಲ್ಲಿ, ಆ ಎರಡನೆಯ ಕಿವಿ ಇಲ್ಲ.

ಕೇಳುವುದು ಹೇಗೆ? ಊಟಕ್ಕೆ ಎಲ್ಲರೂ ಕುಳಿತಾಗ ಅಲ್ಲ. ಜೊತೆಯಲ್ಲಿ ನಡೆಯುತ್ತಿರುವಾಗ, ಸ್ಕೂಟರ್ ನಿಲ್ಲಿಸಿ ಚಹಾ ಕುಡಿಯುವಾಗ, ದೀಪ ಆರಿಸಿದ ಮೇಲೆ ಮಂಚದ ಬದಿಯಲ್ಲಿ. “ಈಚೆಗೆ ನೀನು ಮೊದಲಿನ ಹಾಗಿಲ್ಲ ಮಗಾ. ತುಂಬ ಬೇಸರವಾದಾಗ ಕೆಲವರಿಗೆ ಸಾಯಬೇಕೆಂದು ಅನ್ನಿಸುವುದುಂಟು. ನಿನಗೆ ಹಾಗೆ ಅನ್ನಿಸಿದೆಯಾ?” ಎಂದು ನೇರವಾಗಿ. “ಹಾಗೇನೂ ಇಲ್ಲ ತಾನೇ?” ಎಂದು ಕೇಳಬಾರದು, ಆ ಪ್ರಶ್ನೆಯೊಳಗೇ ‘ಇಲ್ಲ’ ಎಂಬ ಉತ್ತರವನ್ನು ಬೇಡಿಕೊಂಡಿರುತ್ತೇವೆ. ಹೌದೆಂದರೆ ಬುದ್ಧಿಮಾತು ಬೇಡ, ದೇವರ ಆಣೆ ಬೇಡ, ನಾವು ಪಟ್ಟ ಕಷ್ಟಗಳ ಪುರಾಣವೂ ಬೇಡ. “ಹೇಳಿದ್ದು ಒಳ್ಳೆಯದಾಯಿತು, ನಾನು ಇಲ್ಲೇ ಇದ್ದೇನೆ” ಎಂದರೆ ಸಾಕು. ಆ ರಾತ್ರಿ ಮಗುವನ್ನು ಒಂಟಿಯಾಗಿ ಬಿಡಕೂಡದು. ಮನೆಯಲ್ಲಿರುವ ಔಷಧಿಗಳನ್ನೂ ಅಪಾಯಕಾರಿ ವಸ್ತುಗಳನ್ನೂ ಬೀಗದೊಳಗಿಡತಕ್ಕದ್ದು. ಆ ತೀವ್ರವಾದ ಗಳಿಗೆ ಎಷ್ಟೋ ಸಲ ಬಹಳ ಹೊತ್ತು ಇರುವುದಿಲ್ಲವಾದುದರಿಂದ, ಅದನ್ನು ದಾಟಿಸುವುದೇ ದೊಡ್ಡ ಕೆಲಸ. ಮರುದಿನವೇ ವೈದ್ಯರ ಬಳಿಗೆ. ಈಗಲೇ ಎಂಬ ಸ್ಥಿತಿಯಿದ್ದರೆ ಆ ಕ್ಷಣವೇ ಆಸ್ಪತ್ರೆಗೆ.

ಗಮನವಿಡಬೇಕಾದ ಕುರುಹುಗಳು ಹೊಸವೇನಲ್ಲ. ನಿದ್ರೆ, ಊಟ ಕೆಡುವುದು, ಆಟ ಗೆಳೆತನಗಳಿಂದ ಹಿಂದೆ ಸರಿಯುವುದು, ನಾನು ಭಾರವಾಗಿದ್ದೇನೆ ಎಂಬ ಮಾತು, ಮೈಮೇಲೆ ತಾನೇ ಮಾಡಿಕೊಂಡ ಗಾಯ, ಪ್ರಿಯವಾದ ವಸ್ತುಗಳನ್ನು ಹಂಚಿಬಿಡುವುದು. ಬಹಳ ದಿನ ಕುಗ್ಗಿದ್ದ ಮಗು ಕಾರಣವಿಲ್ಲದೆ ಒಮ್ಮೆಲೇ ಶಾಂತವಾದರೆ ಅದನ್ನೂ ಗಮನಿಸಬೇಕು. ಗಂಡುಮಕ್ಕಳಲ್ಲಿ ದುಃಖವು ಅನೇಕ ವೇಳೆ ಸಿಟ್ಟಿನ ವೇಷ ತೊಟ್ಟು ಬರುತ್ತದೆ. ನಾವು ಅದಕ್ಕೆ ‘ವಯಸ್ಸಿನ ಕೊಬ್ಬು’ ಎಂದು ಹೆಸರಿಟ್ಟು ಸುಮ್ಮನಾಗುತ್ತೇವೆ.

ಪೊಲೀಸ್ ಕೇಸಿನ ಭಯದಿಂದ ವೈದ್ಯರಿಗೇ ಸುಳ್ಳು ಹೇಳುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯ 115ನೆಯ ಕಲಮಿನಂತೆ, ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನು ತೀವ್ರ ಒತ್ತಡಕ್ಕೊಳಗಾದವರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಚಿಕಿತ್ಸೆ ಒದಗಿಸುವುದು ಸರ್ಕಾರದ ಹೊಣೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೆಯ ಕಲಮನ್ನೇ ಕೈಬಿಡಲಾಗಿದೆ. ವೈದ್ಯರಿಂದ ಮುಚ್ಚಿಟ್ಟರೆ ನಷ್ಟವಾಗುವುದು ಮಗುವಿಗೇ. ಮನೋವೈದ್ಯರ ಬೋರ್ಡಿರುವ ಮೆಟ್ಟಿಲನ್ನು ಹತ್ತಲು ಅಳುಕುವವರು 14416ಕ್ಕೆ ಫೋನು ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಸೇವೆ ಇದು. ಹಗಲು ರಾತ್ರಿ ಇರುತ್ತದೆ, ಶುಲ್ಕವಿಲ್ಲ. ಇದರ ಕೇಂದ್ರಸ್ಥಾನ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಇಪ್ಪತ್ತು ಭಾಷೆಗಳಲ್ಲಿ ಸೇವೆಯಿದ್ದು ಕನ್ನಡವೂ ಅವುಗಳಲ್ಲಿ ಒಂದಾದುದರಿಂದ, ಮಗಳು ಹಿಂದಿಯಲ್ಲಿಯೂ ತಾಯಿ ಕನ್ನಡದಲ್ಲಿಯೂ ಮಾತನಾಡಬಹುದು.

ನಾಲ್ಕು ಜನರಿಗೆ ತಿಳಿದರೆ ಏನು ಗತಿ ಎಂಬುದು ಇನ್ನೊಂದು ಭಯ. ಆ ನಾಲ್ಕು ಜನ ಯಾರು? ಕಾಂದಿವಲಿಯ ಮರಾಠಿ ನೆರೆಯವರಲ್ಲ, ಗುಜರಾತಿ ಅಂಗಡಿಯವರಲ್ಲ. ನಮ್ಮ ಸಂಘದ ಸಭಾಂಗಣದಲ್ಲಿ ಮುಂದಿನ ಸಾಲಿನಲ್ಲಿ ಕೂರುವ ನಾವೇ. ಆದ್ದರಿಂದ ಸಂಘದ ವಿಷಯವಾಗಿಯೂ ಒಂದು ಮಾತನ್ನು ಹೇಳದೆ ವಿಧಿಯಿಲ್ಲ. ಹದಿಹರೆಯದವರಿಗಾಗಿ ನಾವು ಪ್ರತಿವರ್ಷ ತಪ್ಪದೆ ನಡೆಸುವ ಕಾರ್ಯಕ್ರಮವೆಂದರೆ ಪ್ರತಿಭಾ ಪುರಸ್ಕಾರ ಒಂದೇ. ನೂರಕ್ಕೆ ತೊಂಬತ್ತು ಅಂಕ ಬಂದವರಿಗೆ ಶಾಲು, ಸ್ಮರಣಿಕೆ; ಈ ಸಂಚಿಕೆಯ ಪುಟಗಳಲ್ಲಿ ಅವರ ಭಾವಚಿತ್ರ. ಆ ಮಕ್ಕಳ ಸಾಧನೆಯ ಬಗ್ಗೆ ನನಗೂ ಸಂತೋಷವೇ. ಆದರೆ ಎಂಬತ್ತು ಬಂದವನು, ಐವತ್ತು ಬಂದವಳು ಆ ಸಂಜೆ ಎಲ್ಲಿರುತ್ತಾರೆಂದು ನಾವು ಎಂದಾದರೂ ವಿಚಾರಿಸಿದ್ದೇವೆಯೇ? 2025ರ ಜುಲೈ 25ರಂದು ಸುಪ್ರೀಂ ಕೋರ್ಟು ನೀಡಿದ ಮಾರ್ಗಸೂಚಿಯಲ್ಲಿ, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಅರ್ಹ ಆಪ್ತಸಲಹೆಗಾರರನ್ನು ನೇಮಿಸಬೇಕೆಂದೂ, ಅಂಕಗಳ ಆಧಾರದ ಮೇಲೆ ಮಕ್ಕಳನ್ನು ಬೇರ್ಪಡಿಸಿ ಕೂಡಿಸುವುದಾಗಲಿ ಬಹಿರಂಗವಾಗಿ ಅವಮಾನಿಸುವುದಾಗಲಿ ಕೂಡದೆಂದೂ ಹೇಳಿದೆ. ಅದು ಶಾಲೆಗಳಿಗೂ ಕೋಚಿಂಗ್ ಕ್ಲಾಸುಗಳಿಗೂ ಅನ್ವಯಿಸುತ್ತದೆ. ಸಂಘಗಳಿಗೆ ಅನ್ವಯಿಸುವುದಿಲ್ಲವೆಂದು ನಾವು ವಾದಿಸಬಹುದು. ಊರಿನಲ್ಲಿ 2024ರಲ್ಲಿ ಎಸ್.ಎಸ್.ಎಲ್.ಸಿ.ಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಕೊಟ್ಟರು. ನಮ್ಮ ಪುರಸ್ಕಾರದ ಅರ್ಜಿಯಲ್ಲಿ ಮಾತ್ರ ಈಗಲೂ ‘ಮೊದಲನೆಯ ಯತ್ನದಲ್ಲಿಯೇ ಉತ್ತೀರ್ಣರಾಗಿರತಕ್ಕದ್ದು’ ಎಂಬ ಸಾಲು ಇದೆ.

ಆ ಸಾಲನ್ನು ತೆಗೆದುಹಾಕಬೇಕೆಂದು ಕಾರ್ಯಕಾರಿ ಸಮಿತಿಗೆ ಪತ್ರ ಬರೆದಿದ್ದೇನೆ. ಹತ್ತನೆಯ ತರಗತಿ ಮುಗಿಸಿದ ಎಲ್ಲ ಮಕ್ಕಳನ್ನೂ ಅಂಕ ಕೇಳದೆ ಒಂದು ಭಾನುವಾರ ಊಟಕ್ಕೆ ಕರೆಯಬೇಕೆಂದೂ, ಸದಸ್ಯರಲ್ಲಿ ಒಪ್ಪುವ ನಾಲ್ಕೈದು ಮಂದಿಗೆ ಮನೋವೈದ್ಯರಿಂದ ತರಬೇತಿ ಕೊಡಿಸಿ, ವಾರಕ್ಕೊಂದು ಸಂಜೆ ವಾಚನಾಲಯದ ಹಿಂದಿನ ಕೋಣೆಯಲ್ಲಿ ಮಕ್ಕಳ ಮಾತು ಕೇಳಲು ಕೂಡಿಸಬೇಕೆಂದೂ ಅದರಲ್ಲಿ ಕೋರಿದ್ದೇನೆ. ಅವರು ವೈದ್ಯರಾಗಬೇಕಾಗಿಲ್ಲ, ಯಾವಾಗ ವೈದ್ಯರ ಬಳಿಗೆ ಕಳುಹಿಸಬೇಕೆಂಬುದು ತಿಳಿದಿದ್ದರೆ ಸಾಕು. ಮೊದಲಲ್ಲಿ “ಬಿಡ್ತು ಅನ್ನಿ” ಎಂದಿದ್ದ ಹಿರಿಯರೇ, ತಮ್ಮ ಹೆಸರನ್ನೂ ಆ ನಾಲ್ಕೈದು ಮಂದಿಯಲ್ಲಿ ಬರೆದುಕೊಳ್ಳುವಂತೆ ಕಳೆದ ವಾರ ಫೋನು ಮಾಡಿ ತಿಳಿಸಿದರು. ಕಾರಣವನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಹುಡುಗಿಯ ವಿಷಯ ಹೇಳುವುದು ಉಳಿಯಿತು. ಪ್ರಾಣದ ಪ್ರಶ್ನೆಯಾದ್ದರಿಂದ ಇದನ್ನು ಗುಟ್ಟಾಗಿಡಲಾರೆನೆಂದೂ, ಆದರೆ ಅವಳೆದುರಿಗೇ, ಅವಳು ಒಪ್ಪುವ ಮಾತುಗಳಲ್ಲಿಯೇ ತಾಯಿಗೆ ತಿಳಿಸುವೆನೆಂದೂ ಹೇಳಿ, ತಾಯಿಯನ್ನು ಒಳಗೆ ಕರೆದೆ. ತಾಯಿ ಕೇಳಿ ಮುಗಿಸುವವರೆಗೆ ಒಂದೂ ಮಾತನಾಡಲಿಲ್ಲ. ಎಂಟು ತಿಂಗಳ ಕಾಲ ಮನೋವೈದ್ಯರ ಚಿಕಿತ್ಸೆ ನಡೆಯಿತು, ನಡುವೆ ಒಂದೆರಡು ಕಷ್ಟದ ವಾರಗಳೂ ಬಂದವು. ಈಗ ಆಕೆ ಕಾಲೇಜಿನಲ್ಲಿದ್ದಾಳೆ. ಈಚೆಗೆ ತಾಯಿಯ ಮಂಡಿನೋವಿಗೆ ಔಷಧಿ ಬರೆಸಲು ಇಬ್ಬರೂ ಬಂದಿದ್ದರು. ಮಗಳು ಕಾಗದಪತ್ರಗಳನ್ನು ಹಿಡಿದು, ನಾನು ಹೇಳಿದ್ದನ್ನೆಲ್ಲ ತಾಯಿಗೆ ಎರಡೆರಡು ಸಲ ವಿವರಿಸುತ್ತಿದ್ದಳು, ಕನ್ನಡದಲ್ಲಿ.